ಏಳನೇ ಸುತ್ತು

ಸೇಡಂ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳು
ನಿಧಾನಿಸಿ ನೋಡಿ ಹೋಗುತ್ತವೆ:
ಕಬ್ಬಿಣದ ಕೈಯೊಂದು ಹೊಲದ ಬದುವಿನಲ್ಲಿ ನಿಂತು
ಕೆಸರು ಹಿಂಡುತ್ತಿದೆ.
"ಕಾರ್ಖಾನಿ ಬಾಜೂಕ ಅದ, ಮಣ್ಣು ಯಾಕ್ರೀ?"
ಒಬ್ಬ ಡ್ರೈವರ್ ಕೇಳಿದ.
ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅಂಗನವಾಡಿಯ ಗೋಡೆ. ನಕ್ಷೆಯಲ್ಲಿ ಅದು
ಶಂಖದ ಹಾಗೆ ತಿರುಗುತ್ತ ಏರುತ್ತದೆ,
ಕೂದಲೆಳೆ ತಪ್ಪದೆ.
ಹೊರಗೆ, ಆರು ದಾಟುತ್ತಲೇ,
ಉಂಡು ಕೂತವರ ಹಾಗೆ ಸೊಂಟ ಬಿಟ್ಟು
ಕುಸಿಯಿತು. ಸೋಮವಾರವೂ. ಬುಧವಾರವೂ.
ಕರಿಮಣ್ಣಿಗೆ ಕಾಗಿಣೆಯ ಉಸುಕು ಹೆಚ್ಚಿಸಿದೆ,
ನೀರು ಇಳಿಸಿದೆ, ಮೂತಿ ಸಣ್ಣದು ಮಾಡಿದೆ.
ಏಳನೇ ಸುತ್ತು ಏಳಲೇ ಇಲ್ಲ.

ಮಣ್ಣು ತುಳಿಯಲು ಕೂಲಿಗೆ ಬಂದ ಮಲಕವ್ವ
ಮೂರು ದಿನ ಸುಮ್ಮನಿದ್ದಳು.
ನಾಲ್ಕನೆಯ ದಿನ ಎಲೆಯಡಿಕೆ ಉಗುಳಿ ಬಂದು
"ತಂಗಿ, ಒಮ್ಮ್ಯಾರ ವಾಡೇವು ಕಟ್ಟೀಯೇನ?" ಅಂದಳು.
"ಜ್ವಾಳ ತುಂಬೂ ವಾಡೇವು. ನಾ ಇಪ್ಪತ್ತೊಂದು ಕಟ್ಟೀನಿ.
ದಿನಕ್ಕ ಒಂದೇ ಬಳಿ.
ಹೆಚ್ಚಿಗಿ ಏರ್ಸಿದ್ರ ಮಣ್ಣು ಕುಂದರ್ತದ."

ಬಿದ್ದ ಗೋಡೆಯ ಬುಡಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದಳು,
ಕಲ್ಲಂಗಡಿ ಕೊಳ್ಳುವವಳಂತೆ ಕಿವಿಗೊಟ್ಟು.
"ಇನ್ನಾ ಹಸೀ ಅದ."
"ಎಷ್ಟು ಹೊತ್ತು ಬಿಡಬೇಕು?" ನನಗೆ ಅಂಕಿ ಬೇಕಿತ್ತು.
"ಅದು ಹೂಂ ಅನ್ನೂ ತನ."

ಹೂಂ ಎನ್ನುವುದಕ್ಕೆ ಆಜ್ಞೆಯಿಲ್ಲ ಯಂತ್ರದ ಭಾಷೆಯಲ್ಲಿ.
ಮುಂದೆ, ಹಿಂದೆ, ಮೇಲೆ, ಒತ್ತು, ನಿಲ್ಲು.
ನಿಲ್ಲು ಇದೆ; ಯಾವಾಗ ಹೊರಡಬೇಕೆಂದು ಅದಕ್ಕೆ ಗೊತ್ತಿಲ್ಲ.
ಆ ರಾತ್ರಿ ಆರನೇ ಸುತ್ತಿನ ಕೆಳಗೆ ಒಂದು ಸಾಲು ಸೇರಿಸಿದೆ:
ಮಲಕವ್ವ ಗುಂಡಿ ಒತ್ತುವ ತನಕ.

ಈಗ ದಿನಕ್ಕೆ ಆರು.
ಒಂದಲ್ಲ; ಅವಳೂ ಅಷ್ಟು ಬಿಟ್ಟುಕೊಟ್ಟಳು,
ಹೆಂಡಿಯ ನೀರು, ಜೋಳದ ಹೊಟ್ಟು ಬೆರೆಸುವ ಷರತ್ತಿನ ಮೇಲೆ.
ಹೊಟ್ಟು ಮೂತಿಗೆ ಸಿಕ್ಕಿಕೊಳ್ಳುತ್ತದೆ,
ಬೈಯುತ್ತ ಕಡ್ಡಿ ಹಾಕಿ ಬಿಡಿಸುತ್ತೇನೆ.
ಕೂಲಿಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ
ಇನ್ನೂ "ಮಣ್ಣು ತುಳಿಯುವವಳು" ಎಂದೇ ಇದೆ;
ತಿದ್ದಿರೆಂದು ಕಲಬುರಗಿ ಆಫೀಸಿಗೆ
ಎರಡು ಸಲ ಬರೆದೆ.

ಮಧ್ಯಾಹ್ನ. ಯಂತ್ರ ನಿಂತಿದೆ.
ಮಲಕವ್ವ ಬೇವಿನ ನೆರಳಲ್ಲಿ
ಗುಂಡಿಯನ್ನು ಉಡಿಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದಾಳೆ.
ಕಬ್ಬಿಣದ ಮೂತಿಯ ತುದಿಯಿಂದ
ಒಂದು ಕಣಜ, ಕಡಲೆಯಷ್ಟು ಮಣ್ಣು ಕಿತ್ತು
ನನ್ನ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸುತ್ತದೆ.
ಕಾಳು ಕಾಯುವುದಕ್ಕೂ ಕುಟುಕುವುದಕ್ಕೂ
ನಮ್ಮಲ್ಲಿ ಒಂದೇ ಹೆಸರು.
ಓಡಿಸಲಿಲ್ಲ.
ಒಂದು ಬಳೆ ಮುಗಿಸಿ ಅದೂ
ರೆಕ್ಕೆ ಮಡಿಚಿ ಸ್ವಲ್ಪ ನಿಂತಿತು.