ಮತ್ತಿತರರು

ಶಿಡ್ಲಘಟ್ಟದ ವಾಜಿದ್ ಸಾಬರ ಗುಜರಿಯಿಂದ
ಕೆಜಿಗೆ ಇಪ್ಪತ್ತೆಂಟರಂತೆ ತರುತ್ತೇನೆ ಸುದ್ದಿ.
ಮೂರು ತಿಂಗಳು ಹಳತು.
ಒಣಗಿದಷ್ಟೂ ಹಗುರ, ಹಗುರಾದಷ್ಟೂ ನನಗೆ ಲಾಭ.

ಹುಳುಮನೆಯ ತಟ್ಟೆಗಳಿಗೆ ಹಾಸುತ್ತಾ ಓದುತ್ತೇನೆ,
ನಿಂತೇ, ಸೊಂಟ ಬಗ್ಗಿಸಿ,
ಪುಟ ತಲೆಕೆಳಗಿದ್ದರೆ ತಲೆಕೆಳಗಾಗಿಯೇ.
ಕಟ್ಟಿನ ಮೇಲೆ ಹೊಸದು, ಅಡಿಯಲ್ಲಿ ಹಳೆಯದು;
ಹಾಗಾಗಿ ನನ್ನ ಲೋಕದಲ್ಲಿ ಫಲಿತಾಂಶ ಮೊದಲು,
ಪ್ರಚಾರ ಆಮೇಲೆ.
ಐದನೇ ತಟ್ಟೆಯಲ್ಲಿ ಗೆದ್ದು ಹಾರ ಹಾಕಿಸಿಕೊಂಡವನು
ಎಂಟನೇ ತಟ್ಟೆಯಲ್ಲಿ ಇನ್ನೂ
ಯಾರದೋ ಮಗುವಿನ ಮೂಗು ಒರೆಸುತ್ತಿದ್ದಾನೆ.
ಚಿನ್ನ ದಿನದಿನಕ್ಕೂ ಅಗ್ಗವಾಗುತ್ತದೆ.
ಸತ್ತವರು ಶ್ರದ್ಧಾಂಜಲಿಯಿಂದ ಎದ್ದು ಬಂದು
ಸಾಮೂಹಿಕ ಮದುವೆಗೆ ಅಕ್ಷತೆ ಹಾಕುತ್ತಾರೆ.

"ಈಗಷ್ಟೇ ಆಗಿದ್ದು, ನೋಡು ಇಲ್ಲಿ"
ಮೊಬೈಲು ಮೂಗಿಗೆ ಹಿಡಿಯುತ್ತಾನೆ ಮುನಿಕೆಂಪಣ್ಣ.
ಅವನಿಗೆ ಎಲ್ಲವೂ ಈಗಷ್ಟೇ.
ಮನೆಯಲ್ಲಿ ಗ್ಯಾಸು ಮುಗಿದದ್ದು ಮಾತ್ರ
ಮೂರನೇ ದಿನಕ್ಕೆ ತಿಳಿಯುತ್ತದೆ.

ಹುಳು ಮೇಯುವ ಸದ್ದು ಮಳೆಯಂತೆ ಎಂದರು
ಇಲಾಖೆಯಿಂದ ಬಂದ ಮೇಡಂ.
ಇರಬಹುದು.
ನನಗದು ಪಕ್ಕದ ಕೋಣೆಯಲ್ಲಿ ಯಾರೋ
ಪೇಪರು ಮಡಿಸುತ್ತಲೇ ಇರುವ ಸದ್ದು,
ಮಡಿಸಿ ಮುಗಿಯದ ಸದ್ದು.

ಹುಳು ಇರುವಷ್ಟು ದಿನ ಬೆಳ್ಳುಳ್ಳಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ.
ಉಗುರುಬಣ್ಣ ಹಚ್ಚಿಕೊಳ್ಳಲು ಮಗಳು
ಬೀದಿ ದಾಟಿ ಹಾಲಿನ ಡೈರಿ ಕಟ್ಟೆಗೆ ಹೋಗಬೇಕು.
ಅತ್ತೆ ಪಿಳ್ಳಮ್ಮ ಬಾಗಿಲಲ್ಲೇ ಕೂತು
ಬಂದವರನ್ನೆಲ್ಲ ಮೊದಲು ಮೂಸುತ್ತಾಳೆ,
ಆಮೇಲೆ ಮಾತಾಡಿಸುತ್ತಾಳೆ, ಅದೂ ತೆಲುಗಿನಲ್ಲಿ.

ಮೊನ್ನೆ ಹುಳು ನಾಲ್ಕನೇ ಜ್ವರಕ್ಕೆ ಕೂತವು.
ಸುಣ್ಣದ ಪುಡಿ ಎರಚುತ್ತಿದ್ದೆ.
ಹನ್ನೊಂದನೇ ತಟ್ಟೆ, ಬಾಡಿದ ಸೊಪ್ಪಿನ ಸಂದಿಯಲ್ಲಿ
ಎಲ್ಲೋ ನೋಡಿದ ಸೀರೆ ಅನ್ನಿಸಿತು.
ನನ್ನದೇ.
ಪಕ್ಕದವರ ಮೊಣಕೈ ಅಡ್ಡ ಬಂದು ಅರ್ಧ ಮುಖ,
ಕೈಯಲ್ಲಿ ಕೆರೆ ನೀರಿನ ಬಾಟಲಿ.
ತಾಲ್ಲೂಕು ಕಚೇರಿ ಮುಂದೆ ಕೂತಿದ್ದೆವಲ್ಲ, ಅಂದಿನದು.

ಅಂದು ಮೈಕು ನನ್ನ ಕೈಗೂ ಬಂದಿತ್ತು.
"ಕೆರೆ ತುಂಬಿದೆ ಸ್ವಾಮಿ, ಇಲ್ಲ ಅನ್ನಲ್ಲ.
ಎಮ್ಮೆ ಯಾಕೆ ಮೂಸಿ ನೋಡಿ ಹಿಂದಕ್ಕೆ ಬರುತ್ತೆ?"
ಅಂದಿದ್ದೆ. ಅಷ್ಟೇ ಅಂದದ್ದು. ಕಾಲು ನಡುಗುತ್ತಿತ್ತು.
ಆ ಮಾತೂ ಅಚ್ಚಾಗಿದೆ, ದಪ್ಪಕ್ಷರದಲ್ಲಿ,
ಸಂಘದ ಅಧ್ಯಕ್ಷರ ಬಾಯಲ್ಲಿ.
ಅವರ ಮನೆಯಲ್ಲಿ ಎಮ್ಮೆ ಇಲ್ಲ.
ಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಎಂಟು ಹೆಸರು,
ಒಂಬತ್ತನೆಯದು: ಮತ್ತಿತರರು ಹಾಜರಿದ್ದರು.

ಎಳೆದುಕೊಳ್ಳುವ ಹಾಗಿಲ್ಲ.
ಜ್ವರದಲ್ಲಿ ಕೂತ ಹುಳುವನ್ನು ಅಲುಗಿಸಬಾರದು.
ರಾತ್ರಿ ಎರಡು ಸಲ ಎದ್ದೆ.
ಬ್ಯಾಟರಿ ಬೆಳಕಿಗೆ ತಲೆ ಎತ್ತಿ ಕೂತಿದ್ದವು ಎಲ್ಲ,
ನನ್ನ ಕೆನ್ನೆ ಮೇಲೆ ಹದಿನಾರು, ಬಾಟಲಿ ಮೇಲೆ ಏಳು.
ಅಧ್ಯಕ್ಷರ ಮೇಲೆ ಎಷ್ಟೆಂದು ಎಣಿಸಲು ಹೋಗಲಿಲ್ಲ.
ಸುಳ್ಳು. ಎಣಿಸಿದೆ. ಮೂರೇ.

ಜ್ವರ ಬಿಟ್ಟು ಎದ್ದವಲ್ಲ, ಆ ಹಸಿವಿಗೆ
ಬುಟ್ಟಿ ಬುಟ್ಟಿ ಸೊಪ್ಪು ಸುರಿದದ್ದೇ ಗೊತ್ತು.
ಹಾಸಿಗೆ ತೆಗೆಯಲು ಹೋದರೆ ಅತ್ತೆ ಆಗಲೇ
ಹಿಕ್ಕೆ ಸಮೇತ ಸುತ್ತಿ ತಿಪ್ಪೆಗೆ ಹಾಕಿ
ಕೈ ತೊಳೆಯುತ್ತಿದ್ದಳು.
ಬೈಯಲು ಬಾಯಿ ಬರಲಿಲ್ಲ, ಸೊಂಟ ನೋವು ಅವಳಿಗೂ ಇದೆ.

"ಅದೊಂದೇನಾ ಅಮ್ಮ, ಸಾವಿರಾರು ಅಚ್ಚಾಗಿರುತ್ತೆ"
ಉಗುರಿಗೆ ಊದುತ್ತಾ ಅಂದಳು ಮಗಳು.
ಹೌದಲ್ಲ.
ಎಲ್ಲೋ ದಿಬ್ಬೂರಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಈ ಹೊತ್ತಿಗೆ
ನನ್ನ ಅರ್ಧ ಮುಖ ಬೋಂಡದ ಎಣ್ಣೆ ಹೀರುತ್ತಿರಬಹುದು.

ಮುಂದಿನ ಕಟ್ಟಿಗೆ ಹೋದಾಗ ತಾರೀಖು ಹೇಳಿ ಕೇಳಿದೆ.
ವಾಜಿದ್ ಸಾಬರು ತಕ್ಕಡಿಯಿಂದ ತಲೆ ಎತ್ತಿದರು:
"ಆಂಜಿನಮ್ಮಾ, ನಾನು ತಾರೀಖು ನೋಡಿ ಮಾರಲ್ಲ,
ತೂಕ ನೋಡಿ ಮಾರ್ತೀನಿ."

ಐದು ಕೆಜಿ ಕೊಟ್ಟರು. ಒಂದು ಪುಟ ಹೆಚ್ಚೇ ಬಂತು.