ಕರಡಿಯ ಕಣ್ಣು

ಕುಹ್ಮೊ ಊರಿನಾಚೆ, ಮರ ಕೊಯ್ಯುವ ಮಿಲ್ಲಿನ ಹಿಂದೆ,
ನನ್ನ ಷೆಡ್ಡಿಗೆ ತೈಸ್ತೊ ಬಂದ.
ಮೂಸ್ ಬೇಟೆ ಶುರುವಾಗಲು ಇನ್ನು ಹತ್ತೇ ದಿನ.
ಎರವಲು ತಂದದ್ದನ್ನು ಮರಳಿಸುವವನ ಹಾಗೆ
ಕಂಬಳಿ ಬಿಚ್ಚಿ ರೈಫಲ್ಲು ಮೇಜಿಗಿಟ್ಟ.

"ಕೆಳಗೇ ಹೊಡೆಯುತ್ತೆ, ಐಲಿ.
ತಿರುವಿ ತಿರುವಿ ಕೊನೆ ಮುಟ್ಟಿದೆ. ಇನ್ನು ಕ್ಲಿಕ್ಕೇ ಇಲ್ಲ."

ಕಿವಿಗೆ ಹಿಡಿದು ನಾನೂ ತಿರುವಿದೆ. ನಿಜ.
ದುರ್ಬೀನಿನ ನೆತ್ತಿಯ ಗುಬಟು
ಗೋಡೆಗೆ ಹಣೆ ಒತ್ತಿ ನಿಂತ ಹುಡುಗನಂತೆ ಜಪ್ಪೆನ್ನಲಿಲ್ಲ.

ತಿರುಪು ಬಿಚ್ಚಿ, ಕ್ಯಾಲಿಪರ್ ಇಟ್ಟು ನೋಡಿದರೆ
ಇವನ ದೊಡ್ಡಪ್ಪ ಎಂದೋ ಒಂದು ಚಳಿಗಾಲ
ಅಡುಗೆಮನೆಯಲ್ಲಿ ಕೂತು ಅರ ಉಜ್ಜಿದ ಗುರುತು:
ಹಿಂಬದಿ ಎಳ್ಳಿನ ಸಿಪ್ಪೆಯಷ್ಟು ಹೆಚ್ಚು ಸವೆದಿದೆ.
ಅಂದಿನಿಂದ
ದುರ್ಬೀನು ಏರಿಗೆ, ನಳಿಗೆ ನೀರಿಗೆ.

ಹೊಸ ಮೌಂಟು ಬರಲು ಮೂರು ವಾರ ಬೇಕು.
ಮೂಸು ಕಾಯುವುದಿಲ್ಲ, ತೈಸ್ತೊನೂ ಕಾಯುವವನಲ್ಲ.
ಸೌನಾದ ಮೆಟ್ಟಿಲಲ್ಲಿ ನಿನ್ನೆಯ ಬಿಯರ್ ಡಬ್ಬಿ ಬಿದ್ದಿತ್ತು,
ಹೊಟ್ಟೆಯ ಮೇಲೆ ಅಚ್ಚಾದ ಕರಡಿ.
ಕತ್ತರಿಯಲ್ಲಿ ಬೆರಳಗಲ ಕತ್ತರಿಸಿ
ಅಂಚು ಉಜ್ಜಿ, ತಿರುಪಿಗೆರಡು ತೂತು ಕೊಟ್ಟೆ.
ದಪ್ಪ, ಮಿಲಿಮೀಟರಿನ ಹತ್ತರಲ್ಲೊಂದು.
ನೂರು ಮೀಟರಿನಾಚೆ ಅದೇ ಒಂದು ಗೇಣಿನ ಅರ್ಧ.

"ಎರಡು ಹಾಕು," ಅಂದ.
ಬೇಡ. ಒಂದೇ ಸಾಕು.
ಹೆಚ್ಚಾದರೆ ಉಂಗುರಗಳ ನಡುವೆ ಕೊಳವೆಯ ಬೆನ್ನು ಬಾಗುತ್ತದೆ,
ಆಮೇಲೆ ಅದು ಯಾರ ಮಾತೂ ಕೇಳದು.

ಜಲ್ಲಿ ಹೊಂಡದಲ್ಲಿ ಮೂರು ಗುಂಡು.
ಕಪ್ಪಿನೊಳಗೆ ಮೂರೂ,
ಕಾಫಿ ಬಟ್ಟಲಿನ ಬಾಯಿ ಮುಚ್ಚುವಷ್ಟು ಒತ್ತಾಗಿ.
ಗುಬಟು ಹಿಂದಕ್ಕೆ ತಿರುಗಿತು, ಕ್ಲಿಕ್ ಕ್ಲಿಕ್,
ಎರಡೂ ಕಡೆ ಜಾಗವಿತ್ತು.

"ಗುಂಡನ್ನು ಮೇಲೆತ್ತಿದೆಯಾ?"
ಇಲ್ಲ ಮಾರಾಯ. ಬಾಲ ಎತ್ತಿ ಮೂತಿ ತಗ್ಗಿಸಿದ್ದು ದುರ್ಬೀನಿನದು.
ದೃಷ್ಟಿ ಕೆಳಗಿಳಿಯಿತು, ಅದನ್ನು ಗುರಿಗೆ ತರಲು
ನೀನೇ ನಳಿಗೆ ಎತ್ತಿದ್ದೀಯ.
ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.
ಅರ್ಧ ಬಕೆಟ್ ಲಿಂಗನ್ ಹಣ್ಣು ಇಟ್ಟು ಹೋದ,
ಎಲೆ ಕಸ ಆರಿಸದೆ.

ಮೇಜು ಒರೆಸುವಾಗ ಕಂಡದ್ದು:
ಡಬ್ಬಿಯಲ್ಲಿ ಉಳಿದ ಕರಡಿಗೆ ಒಂದು ಕಣ್ಣಿಲ್ಲ.
ಅದು ಈಗ ತೈಸ್ತೊನ ಮೌಂಟಿನಡಿ,
ಎರಡು ಉಕ್ಕುಗಳ ನಡುವಿನ ಕತ್ತಲಲ್ಲಿ
ತೆರೆದೇ ಇದೆ.

ಡಬ್ಬಿ ಬಿಸಾಡಲಿಲ್ಲ. ಕಿಟಕಿಯಲ್ಲಿಟ್ಟಿದ್ದೇನೆ,
ಸಣ್ಣ ಮೊಳೆ ಹಾಕಿಡಲು,
ಕಣ್ಣಿನ ತೂತಿನ ಮಟ್ಟದವರೆಗೆ ಮಾತ್ರ.