ಒಳಗಿನ ಸುಣ್ಣ

ಕಿಮ್ಸಿನ್ಯಾಗ ಫಿಲ್ಮು ಬೆಳಕಿಗೆ ಹಿಡದು
ಡಾಕ್ಟರಮ್ಮ ಅಂದಳು: "ಹಣಿ ಎಲುಬು
ಒಳಮುಖ ದಪ್ಪ ಆಗೇತಿ, ಫಕ್ಕೀರವ್ವ.
ಅಪರೂಪದ್ದು. ಜೀವಕ್ಕೇನಿಲ್ಲ."

ಬೆಟಗೇರಿ ಓಣ್ಯಾಗ ನಲವತ್ತು ವರ್ಷ
ಮಂದಿ ಗ್ವಾಡಿಗೆ ಸುಣ್ಣ ಬಳದಾಕಿ ನಾನು.
ಹಳೇ ಪದರ ಕೆರಿಲಾರದ
ಮ್ಯಾಲಿಂದ ಮ್ಯಾಲ ಹಚ್ಚಿಕೋತ ಹೋದರ
ಖೋಲಿ ಬೆರಳಷ್ಟು ಸಣ್ಣ ಆಗತೈತಿ,
ಹೊರಗ ನಿಂತವರಿಗೆ ತಿಳಿಯಂಗಿಲ್ಲ.

ನಸುಕಿನ್ಯಾಗ ತಲಿ ಸಿಡಿತೈತಿ,
ಗದ್ದದ ಮ್ಯಾಲ ನಾಕು ಬಿರುಸು ಕೂದಲ.
"ದಪ್ಪ ತಲಿ" ಅಂತಿದ್ದ ನಮ್ಮಾಂವ,
ಫೋಟೋ ನೋಡದನ ಹೇಳಿದ್ದ, ಪಾಪ.

ಗದಗ ಬಸ್ಸಿನ್ಯಾಗ ಹಣಿ ಬಡಕೊಂಡೆ —
ಅಳಾಕಲ್ಲ,
ಗೆಣ್ಣಿಲೆ ಗ್ವಾಡಿ ಬಡದು ನೋಡಿದಂಗ.
ಎಲ್ಲೂ ಟೊಳ್ಳಿಲ್ಲ.

ಹಣಿಬರಹ ಬರದಾಂವಾ,
ಎಷ್ಟು ಕೋಟು ಆತೋ ಇದು?
ಅಡಿಯಾಗಿನ ಅಕ್ಷರ
ನಿನಗರ ಕಾಣತಾವೇನು ಈಗ?